ಅಂಗೈ ಪೆಟ್ಟಿಗೆಯಲ್ಲಿ ಖರ್ಜ ಎಷ್ಟು ಉಳಿದೀತು?

ಜಿಟಿಜಿಟಿ ಮಳೆ ಹಿಡಿದರೆ ಧಾರವಾಡದಲ್ಲಿ ದಿನಗಟ್ಟಲೆ ಬಿಸಿಲು ಕಾಣದಿರುವುದು ಹೊಸದೇನಲ್ಲ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನ ಊರು ಇದು. ಅಂಥ ಹೊತ್ತಿನಲ್ಲಿ ರೈಲು ನಿಲ್ದಾಣದಿಂದ ಮಾಳಮಡ್ಡಿಯ ಓಣಿಗಳೊಳಗೆ ನಡೆದು ಬಂದರೆ ಯಾವುದೋ ಮನೆಯಿಂದ ಹಾಡು ಕೇಳಿಬರುತ್ತದೆ. ಹಿಂದೆ ಅದು ಪಡಸಾಲೆಯ ರೇಡಿಯೋದಿಂದ ಬರುತ್ತಿತ್ತು. ಈಗ ಅಡುಗೆಮನೆಯ ಕಟ್ಟೆ, ಹಿತ್ತಲ ಬಟ್ಟೆ ಒಗೆಯುವ ಕಲ್ಲು, ಬಚ್ಚಲಮನೆಯ ಗೂಟ, ಗಚ್ಚಿಯ ಮೇಲಿನ ಕುಂಡಗಳ ಸಾಲು, ಎಲ್ಲಿಂದ ಬೇಕಾದರೂ ಬರುತ್ತದೆ. ಹಾಡುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ನೀರಿಗೆ ಹೆದರದ ಬ್ಲೂಟೂತ್ ಸ್ಪೀಕರ್.

ಸುಭಾಸ ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಇದನ್ನು ಕೊಳ್ಳಲು ಬಂದವರು ಕೇಳುವುದು ಹೆಚ್ಚಾಗಿ ಎರಡೇ ಮಾತು. “ನೀರಾಗ ಬಿದ್ರ ಏನೂ ಆಗೂದಿಲ್ಲಲ್ರೀ?” “ಏನೂ ಆಗಂಗಿಲ್ರೀ ಸರ, ವಾಟರ್‌ಪ್ರೂಫ್ ಐತಿ.” “ಬೇಸ್ ಹೆಂಗದರೀ?” “ಭಾರಿ ಐತ್ರೀ.” ಎರಡೂ ಉತ್ತರಗಳು ಅರ್ಧ ನಿಜ. ಕೇಳುವವರಿಗೆ ಇವು ಬೇರೆ ಬೇರೆ ಪ್ರಶ್ನೆಗಳು ಅನ್ನಿಸಿದರೂ ಪೆಟ್ಟಿಗೆಯೊಳಗೆ ಅವಕ್ಕೆ ಕಾರಣ ಒಂದೇ. ನೀರು ಒಳಗೆ ಬರಬಾರದೆಂದು ಇದನ್ನು ಮುಚ್ಚಿದ್ದಾರೆ, ಜೇಬಿನಲ್ಲಿ ಕೂರಲೆಂದು ಚಿಕ್ಕದು ಮಾಡಿದ್ದಾರೆ. ಇದರ ಗುಣಗಳೂ ಇದರ ಸೋಲುಗಳೂ ಬಹುಪಾಲು ಈ ಎರಡು ನಿರ್ಧಾರಗಳಿಂದಲೇ ಹುಟ್ಟಿವೆ. ಗಾಯಕರಾದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿತಾರರತ್ನ ರಹಿಮತ್ ಖಾನ್ ಬಾಳಿದ ಊರಲ್ಲಿ ಕುಳಿತು ಈ ಪೆಟ್ಟಿಗೆಯನ್ನು ಅಳೆಯುವುದಾದರೆ, ಪಾರ್ಟಿ ಹಾಡುಗಳ ದಡಬಡಕ್ಕಿಂತ ತಂಬೂರಿ, ಡಗ್ಗಾ ಮತ್ತು ಕಂಠದ ಮೂಲಕ ಅಳೆಯುವುದೇ ಸರಿ.

ಮೊದಲು ನೀರಿನ ವಿಚಾರ. ಡಬ್ಬಿಯ ಮೇಲೆ ಐಪಿ67 ಎಂದು ಬರೆದಿರುತ್ತದೆ. ಇದು ಕಂಪನಿ ಕಟ್ಟಿದ ಹೊಗಳಿಕೆಯಲ್ಲ, ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60529ನೇ ಮಾನಕದ ಪ್ರಕಾರ ಕೊಡುವ ಗುರುತು. ಮೊದಲ ಅಂಕಿ ದೂಳಿಗೆ ಸಂಬಂಧಿಸಿದ್ದು. 6 ಎಂದರೆ ದೂಳು ಒಳಗೆ ಹೋಗುವುದೇ ಇಲ್ಲ. ಎರಡನೆಯದು ನೀರಿಗೆ, 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿಯಾಗದು. ಐಪಿಎಕ್ಸ್7 ಎಂದಿದ್ದರೆ ದೂಳಿನ ಪರೀಕ್ಷೆಯ ಫಲ ಘೋಷಿಸಿಲ್ಲ ಎಂದರ್ಥ. ಹುಬ್ಬಳ್ಳಿಯ ರಂಗಪಂಚಮಿಗೆ ಹೋಗುವವರಿಗೆ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ, ಅಲ್ಲಿ ಬಣ್ಣದ ನೀರಿನಷ್ಟೇ ಬಣ್ಣದ ಪುಡಿಯೂ ಹಾರುತ್ತದೆ. ಇನ್ನೊಂದು ಸೂಕ್ಷ್ಮವನ್ನು ಅಂಗಡಿಯವರು ಹೇಳುವುದಿಲ್ಲ. ನಿಂತ ನೀರಲ್ಲಿ ಮುಳುಗಿ ಪಾಸಾದ ವಸ್ತು, ರಭಸದಿಂದ ಚಿಮ್ಮುವ ನೀರಿನ ಪರೀಕ್ಷೆಯಲ್ಲೂ ಪಾಸಾಗಿರಬೇಕೆಂದಿಲ್ಲ. ಅದಕ್ಕೆ 5 ಮತ್ತು 6ನೇ ಅಂಕಿಯ ಬೇರೆ ಪರೀಕ್ಷೆಗಳಿವೆ. ಅಂಗಳ ತೊಳೆಯುವ ಪೈಪನ್ನು ನೇರವಾಗಿ ಇದಕ್ಕೆ ಹಿಡಿಯಬೇಡಿ.

ನೀರನ್ನು ತಡೆಯುವುದು ಮೇಲಿನ ಬಟ್ಟೆಯಲ್ಲ. ಅದು ನೆನೆಯುತ್ತದೆ, ಸೋಸಿ ಬಿಡುತ್ತದೆ, ಒಣಗುತ್ತದೆ. ತಡೆಯುವುದು ಒಳಗಿನ ಗಟ್ಟಿ ಕವಚ, ಅದರ ಜೋಡಣೆಗಳ ರಬ್ಬರ್ ಬಳೆಗಳು, ಅಂಟು, ಮತ್ತು ನೀರು ಹೀರದ ವಸ್ತುವಿನಿಂದ ಮಾಡಿದ ಸ್ಪೀಕರ್‌ನ ಪೊರೆ. ಮಳೆಯಲ್ಲಿ ನೆನೆದ ಕೂಡಲೇ ದನಿ ಮಂಕಾದರೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಪೊರೆಯ ಮುಂದೆ ನಿಂತ ನೀರಿನ ಹನಿಗಳು ಅದರ ಅಲುಗಾಟಕ್ಕೆ ಭಾರವಾಗಿರುತ್ತವೆ, ಬೋರಲು ಹಾಕಿ ಒಣಗಿಸಿದರೆ ದನಿ ಮರಳುತ್ತದೆ.

ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಪೆಟ್ಟಿಗೆಯ ಮೇಲೆ. ನಮ್ಮ ಬಚ್ಚಲುಮನೆಯ ಬಿಸಿನೀರಿನ ಹಬೆ, ಸೋಪಿನ ನೊರೆ, ಕಾರವಾರ ಗೋಕರ್ಣಗಳ ಉಪ್ಪುನೀರು, ಈಜುಕೊಳದ ಕ್ಲೋರಿನ್, ಇವು ಯಾವುವೂ ಅದರಲ್ಲಿ ಇಲ್ಲ. ಸೋಪು ಬೆರೆತ ನೀರಿನ ಮೇಲ್ಮೈ ಸೆಳೆತ ಕಡಿಮೆಯಾಗುವುದರಿಂದ ಬರೀ ನೀರು ನುಗ್ಗದ ಸಂದಿಯಲ್ಲೂ ಅದು ನುಗ್ಗೀತು. ಉಪ್ಪು ಚಾರ್ಜಿಂಗ್ ತೂತಿನ ಲೋಹವನ್ನು ತಿನ್ನುತ್ತದೆ. ಕಡಲ ದಂಡೆಯಿಂದ ಬಂದವರು ಪೆಟ್ಟಿಗೆಯನ್ನು ಸಿಹಿನೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ಆರಿಸಬೇಕು. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಚಾರ್ಜಿಂಗ್‌ನದು. ನೆನೆದ ತೂತಿಗೆ ಕೇಬಲ್ ಚುಚ್ಚುವುದರಿಂದ ಹಾಳಾಗುವಷ್ಟು ಈ ಸ್ಪೀಕರ್‌ಗಳು ಮಳೆಯಿಂದ ಹಾಳಾಗುವುದಿಲ್ಲ. ಶ್ರಾವಣದ ತೇವದಲ್ಲಿ ತೂತು ಪೂರ್ತಿ ಒಣಗಲು ರಾತ್ರಿಯಿಡೀ ಬೇಕಾಗಬಹುದು, ಅಷ್ಟು ಕಾಯಿರಿ.

ಈಗ ಬೇಸ್, ಅಂದರೆ ಮಂದ್ರದ ಮಾತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಸದ್ದು ಎಂದರೆ ಗಾಳಿಯ ಅಲುಗಾಟ. ಸ್ವರ ಕೆಳಗಿಳಿದಷ್ಟೂ ಅದೇ ಜೋರಿನಲ್ಲಿ ಕೇಳಿಸಲು ಹೆಚ್ಚು ಗಾಳಿಯನ್ನು ತಳ್ಳಬೇಕು. ಒಂದು ಸಪ್ತಕ ಕೆಳಗೆ ಹೋದರೆ ಸ್ಪೀಕರ್‌ನ ಪೊರೆ 4 ಪಟ್ಟು ದೂರ ಹಿಂದೆಮುಂದೆ ಚಲಿಸಬೇಕಾಗುತ್ತದೆ, ಎರಡು ಸಪ್ತಕ ಹೋದರೆ 16 ಪಟ್ಟು. ನಾಲ್ಕೈದು ಸೆಂಟಿಮೀಟರ್ ಅಗಲದ ಪೊರೆಗೆ ಅಷ್ಟು ದೂರ ಹೋಗಿಬರುವ ಜಾಗವೇ ಇಲ್ಲ. ಜೊತೆಗೆ, ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಿನಂತೆ ಪೊರೆಯನ್ನು ಹಿಂದಕ್ಕೆ ತಳ್ಳುತ್ತದೆ. ಮನೆಯ ದೊಡ್ಡ ಸ್ಪೀಕರ್‌ಗಳಲ್ಲಿ ಇದಕ್ಕೆ ಉಪಾಯವಾಗಿ ಒಂದು ಕೊಳವೆಯ ಬಾಯಿ ಬಿಟ್ಟಿರುತ್ತಾರೆ. ನೀರು ತಡೆಯಬೇಕಾದ ಪೆಟ್ಟಿಗೆಗೆ ಬಾಯಿ ಬಿಡುವಂತಿಲ್ಲ. ಅದಕ್ಕೇ ಇವುಗಳಲ್ಲಿ ‘ಪ್ಯಾಸಿವ್ ರೇಡಿಯೇಟರ್’ ಎಂಬ ಇನ್ನೊಂದು ಪೊರೆ ಇರುತ್ತದೆ. ಅದಕ್ಕೆ ಅಯಸ್ಕಾಂತವೂ ಇಲ್ಲ, ತಂತಿಯ ಸುರುಳಿಯೂ ಇಲ್ಲ. ಒಳಗಿನ ಗಾಳಿಯ ಒತ್ತಡಕ್ಕೆ ತಾನೇ ಅದುರಿ ಮಂದ್ರಕ್ಕೆ ಒಂದಿಷ್ಟು ತುಂಬು ಕೊಡುತ್ತದೆ, ನೀರಿಗೂ ದಾರಿ ಬಿಡುವುದಿಲ್ಲ. ಜಾಣ ಉಪಾಯ, ನಿಜ. ಆದರೂ ಗಾತ್ರದ ಮಿತಿಯನ್ನು ಅದು ದಾಟಲಾರದು.

ಅಂಕಿಯಲ್ಲಿ ನೋಡೋಣ. ಗಂಡಸರ ಹಾಡಿಕೆಯಲ್ಲಿ ಷಡ್ಜವನ್ನು ಕಾಳಿ ಒಂದಕ್ಕೆ, ಅಂದರೆ ಪೇಟಿಯ (ಹಾರ್ಮೋನಿಯಂ) ಮೊದಲ ಕರಿ ಮನೆಗೆ ಇಟ್ಟುಕೊಳ್ಳುವುದು ಬಳಕೆಯಲ್ಲಿದೆ. ಅದು ಸುಮಾರು 139 ಹರ್ಟ್ಸ್. ತಂಬೂರಿಯ ಜೋಡಿ ತಂತಿಗಳು ಆ ಷಡ್ಜದಲ್ಲಿ ನುಡಿದರೆ ಕೊನೆಯ ಖರ್ಜದ ತಂತಿ ಒಂದು ಸಪ್ತಕ ಕೆಳಗೆ, ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಈ ಬಗೆಯ ಪೆಟ್ಟಿಗೆಗಳಲ್ಲಿ ಬಹಳ ಮಾರಾಟವಾದ ಜೆಬಿಎಲ್ ಗೋ 3 ತನ್ನ ವಿವರಪತ್ರದಲ್ಲಿ ಕೊಟ್ಟಿರುವ ಕೆಳಗಿನ ಅಂಚು 110 ಹರ್ಟ್ಸ್. ಅದರ ತೂಕ 209 ಗ್ರಾಂ, ಶಕ್ತಿ 4.2 ವ್ಯಾಟ್. ಅಂದರೆ ಖರ್ಜದ ಮೂಲಸ್ವರ ಅದರ ಅಂಚಿನಿಂದ ಬಹಳ ಕೆಳಗಿದೆ. ಹೆಣ್ಣುಮಕ್ಕಳ ಕಾಳಿ ನಾಲ್ಕರ ತಂಬೂರಿಯಾದರೆ ಖರ್ಜ ಸುಮಾರು 104, ಅಂಚಿಗೆ ತಾಗುವಷ್ಟು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ಗಂಭೀರವಾಗಿ, ಬೇರೆ ಗಾಯಕಿಯರಿಗಿಂತ ಕೆಳಗಿನ ಷಡ್ಜದಲ್ಲಿ ಹಾಡಿದ ಗಂಗೂಬಾಯಿ ಹಾನಗಲ್ ಅವರ ತಂಬೂರಿಗೆ ಆ ಅನುಕೂಲವೂ ಇಲ್ಲ. ಅದೇ ಕಂಪನಿಯ ಫ್ಲಿಪ್ 6 ಅರ್ಧ ಕಿಲೋ ದಾಟುತ್ತದೆ, 63 ಹರ್ಟ್ಸ್‌ವರೆಗೆ ಇಳಿಯುತ್ತದೆ. ವಿವರಪತ್ರದ ಅಂಚಿನಲ್ಲಿ ಸದ್ದು ಆಗಲೇ ಕುಗ್ಗಿರುತ್ತದೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಸಣ್ಣ ಪೆಟ್ಟಿಗೆಯಲ್ಲಿ ಖರ್ಜ ಕೇಳುವುದೇ ಇಲ್ಲವೇ? ಕೇಳುತ್ತದೆ! ಇದು ನನಗೆ ಬಲು ಸೋಜಿಗದ ಸಂಗತಿ. ಫೋನಿನಲ್ಲಿ ಅಪ್ಪನ ದನಿ ಕೇಳಿದಾಗ ಅದು ಗಂಡಸಿನ ದನಿ ಎಂದು ತಿಳಿಯುತ್ತದಲ್ಲ, ಹಳೆಯ ಟೆಲಿಫೋನ್ ತಂತಿ ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ. ಗಂಡಸಿನ ಮಾತಿನ ಮೂಲಸ್ವರ ಅದರೊಳಗೆ ಬರುವುದೇ ಇಲ್ಲ. ಆದರೂ ಆ ಮೂಲದ ಹಲವು ಪಟ್ಟಿನ ಉಪಸ್ವರಗಳು ಬಂದರೆ ಸಾಕು, ಇಲ್ಲದ ಮೂಲವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ತಂಬೂರಿಯಂತೂ ಉಪಸ್ವರಗಳ ಭಂಡಾರ. ಅದರ ಅಗಲ ಕುದುರೆಯ ಬಾಗು, ತಂತಿಯ ಕೆಳಗೆ ಸಿಕ್ಕಿಸುವ ನೂಲಿನೆಳೆ, ಇವೆರಡರಿಂದ ಮೇಲಿನ ಉಪಸ್ವರಗಳು ಹೇಗೆ ಬಲಗೊಂಡು ಏಳುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಷ್ಟು ಹಿಂದೆಯೇ, ಕಲ್ಕತ್ತೆಯಲ್ಲಿದ್ದಾಗ, ಬರೆದಿದ್ದರು. ಮೀಟಿದ ಜಾಗದ ಕಾರಣದಿಂದ ಏಳಲೇಬಾರದ ಉಪಸ್ವರವೂ ತಂಬೂರಿಯಲ್ಲಿ ಏಳುತ್ತದೆ ಎಂಬುದು ಅವರು ಕಂಡ ವಿಶೇಷ. 69 ಹರ್ಟ್ಸ್ ನಾಶವಾದರೂ 139, 208, 277 ಹೀಗೆ ಅದರ ಪಟ್ಟುಗಳು ಪೆಟ್ಟಿಗೆಯ ವ್ಯಾಪ್ತಿಯಲ್ಲೇ ಇವೆ. ಆದ್ದರಿಂದ ಅಂಗೈ ಸ್ಪೀಕರ್‌ನಲ್ಲೂ ತಂಬೂರಿಯ ಸ್ವರಸ್ಥಾನ ತಪ್ಪುವುದಿಲ್ಲ, ರಿಯಾಜಿಗೆ ಕೂತವರಿಗೆ ಆಧಾರ ಸಿಗುತ್ತದೆ. ಸಿಗದಿರುವುದು ಮಿರಜಿನ ತಂಬೂರಿಯ ಬುರುಡೆಯನ್ನು ಕಿವಿಯ ಬಳಿ ಇಟ್ಟುಕೊಂಡಾಗ ಎದೆಗೂಡಿಗೆ ತಟ್ಟುವ ಆ ಕಂಪನ. ಅದನ್ನು ಉಪಸ್ವರಗಳು ತುಂಬಿಕೊಡಲಾರವು.

ನಿಜವಾಗಿ ಅನ್ಯಾಯವಾಗುವುದು ಡಗ್ಗಾಕ್ಕೆ. ತಬಲಾದ ಬಲಗೈ ವಾದ್ಯ ಸ್ವರಕ್ಕೆ ಕೂಡುವಂತೆ ಕಟ್ಟಿದ್ದು. ನಡುವಿನ ಕರಿಯ ಲೇಪದಿಂದಾಗಿ ಅದರ ಉಪಸ್ವರಗಳು ಮೂಲಸ್ವರದೊಡನೆ ಕ್ರಮವಾಗಿ ಹೊಂದುತ್ತವೆ ಎಂಬುದೂ ರಾಮನ್ನರ ಶೋಧವೇ, 1920ರದ್ದು. ಅದು ಸಣ್ಣ ಸ್ಪೀಕರ್‌ನಲ್ಲೂ ಟಣಟಣ ನುಡಿಯುತ್ತದೆ. ಎಡಗೈಯ ಡಗ್ಗಾದ ಜೀವ ಇರುವುದು ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ, ಅದಕ್ಕೂ ಕೆಳಗೆ. ಅಂಗೈಯ ಬುಡದಿಂದ ತೊಗಲನ್ನು ಒತ್ತಿ ಜಾರಿಸುವಾಗ ಏರಿಳಿಯುವ ಆ ಘುಮಕಿ ಅಲ್ಲೇ ಹುಟ್ಟುತ್ತದೆ. ತಂಬೂರಿಯಂತೆ ಸಾಲುಗಟ್ಟಿದ ಉಪಸ್ವರಗಳು ಅದಕ್ಕಿಲ್ಲದ ಕಾರಣ ಮಿದುಳಿಗೆ ತುಂಬಿಕೊಳ್ಳಲು ಆಸರೆ ಕಡಿಮೆ. ಸಣ್ಣ ಪೆಟ್ಟಿಗೆಯಲ್ಲಿ ವಿಲಂಬಿತ ತೀನತಾಲ ಕೇಳುವಾಗ ‘ಧಾ’ ಮತ್ತು ‘ತಾ’ ಹತ್ತಿರ ಹತ್ತಿರ ಒಂದೇ ಆಗಿಬಿಡುತ್ತವೆ. ಇಂಥ ತಾಲದಲ್ಲಿ ಖಾಲಿ ಎಲ್ಲಿ, ಭರಿ ಎಲ್ಲಿ ಎಂದು ಗುರುತಿಸುವುದು ಡಗ್ಗಾ ಇದೆಯೋ ಇಲ್ಲವೋ ಎಂಬುದರಿಂದ. ಹೊಸದಾಗಿ ಕಲಿಯುವ ಹುಡುಗರು ಇಂಥ ಪೆಟ್ಟಿಗೆಯಿಂದಲೇ ತಾಲ ಕಲಿತರೆ ಆ ಗುರುತು ಅವರ ಕಿವಿಗೆ ತಡವಾಗಿ ಹತ್ತುತ್ತದೆ ಎಂಬ ಆತಂಕ ನನಗಿದೆ. ಅವರಿಗೆ ಹೆಡ್‌ಫೋನ್ ಅಥವಾ ದೊಡ್ಡ ಸ್ಪೀಕರ್ ಕೊಡಿಸಿ.

ಅಂಗಡಿಯಲ್ಲಿ ಬೇಸ್ ಭಾರಿ ಎಂದು ಅನ್ನಿಸುವುದಕ್ಕೂ ಕಾರಣವಿದೆ. ಪೆಟ್ಟಿಗೆಯೊಳಗಿನ ಚಿಪ್ಪು ದನಿಯನ್ನು ಸದಾ ತಿದ್ದುತ್ತಿರುತ್ತದೆ. ವಾಲ್ಯೂಮ್ ಕಡಿಮೆ ಇದ್ದಾಗ ಕೆಳಗಿನ ಸ್ವರಗಳನ್ನು ಎತ್ತಿ ಕೊಡುತ್ತದೆ. ವಾಲ್ಯೂಮ್ ಏರಿಸಿದಂತೆ ಪೊರೆ ಹರಿಯದಿರಲೆಂದು ಅದೇ ಸ್ವರಗಳನ್ನು ಕತ್ತರಿಸುತ್ತ ಹೋಗುತ್ತದೆ. ಅರ್ಧ ವಾಲ್ಯೂಮಿನಲ್ಲಿ ತುಂಬಿಕೊಂಡಿದ್ದ ದನಿ ಪೂರ್ತಿ ವಾಲ್ಯೂಮಿನಲ್ಲಿ ಕಿರುಚುವುದು ಇದರಿಂದ. ಖ್ಯಾಲ್ ಕೇಳುವವರಿಗೆ ಇನ್ನೊಂದು ನಷ್ಟವೂ ಇದೆ. ಜೋರಾದ ಭಾಗವನ್ನು ಚಿಪ್ಪು ಒತ್ತಿಹಿಡಿಯುವುದರಿಂದ ಮೆಲುದನಿಯ ಆಲಾಪಕ್ಕೂ ಸಮಕ್ಕೆ ಬಂದು ಬೀಳುವ ತಾನಿಗೂ ನಡುವಿನ ಅಂತರ ಸಪಾಟಾಗುತ್ತದೆ. ಮನ್ಸೂರರ ಹಾಡಿಕೆಯಲ್ಲಿ ಉಸಿರಿನ ಏರಿಳಿತವೇ ಅರ್ಧ ಸಂಗೀತ.

ಹಿರಿಯರು ಈ ಪೆಟ್ಟಿಗೆ ಕೇಳಿ “ದನಿ ಖರೆ, ಮೈ ಇಲ್ಲ” ಎನ್ನುವುದುಂಟು. ಅದನ್ನು ಹಳೆಯದರ ಮೋಹ ಎಂದು ತಳ್ಳಿಹಾಕುವುದು ತಪ್ಪು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಅವರು ಕೇಳಿದ್ದು ಮರ್ಫಿ, ಫಿಲಿಪ್ಸ್‌ಗಳಂಥ ವಾಲ್ವ್ ರೇಡಿಯೋಗಳಲ್ಲಿ. ಮಧ್ಯಮ ತರಂಗದ ಪ್ರಸಾರದಲ್ಲಿ ಮೇಲಿನ ಸ್ವರಗಳು ಐದು ಸಾವಿರ ಹರ್ಟ್ಸ್‌ನ ಆಸುಪಾಸಿಗೇ ನಿಂತುಬಿಡುತ್ತಿದ್ದವು, ಗರಗರ ಸದ್ದೂ ಇರುತ್ತಿತ್ತು. ಆದರೆ ಆ ರೇಡಿಯೋದ ಕಾಗದದ ಶಂಕು ಅಂಗೈಗಿಂತ ದೊಡ್ಡದು, ಸುತ್ತ ಮರದ ಪೆಟ್ಟಿಗೆ, ಹಿಂದೆ ಗಾಳಿಯಾಡುವ ತೂತಿನ ರಟ್ಟು. ಅದು ಮಂದ್ರವನ್ನು ಇಂದಿನ ಅಂಗೈ ಸ್ಪೀಕರ್‌ಗಿಂತ ಚೆನ್ನಾಗಿ ಕೊಡುತ್ತಿತ್ತು. ಅವರ ಕಿವಿ ಸುಳ್ಳು ಹೇಳುತ್ತಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬದಿಗೆ ಮೂರು ಚಿಲ್ಲರೆ ನಿಮಿಷ ಹಿಡಿಸುತ್ತಿದ್ದ 78 ಸುತ್ತಿನ ತಟ್ಟೆಗಳಲ್ಲಿ ಮಂದ್ರ ಮೊದಲೇ ಕಡಿಮೆ. ಇಡೀ ದನಿ ಒಂದೇ ದಿಕ್ಕಿನಿಂದ ಬರುವ ಮೋನೋ ಧ್ವನಿಮುದ್ರಣ ಅದು. ನಮ್ಮ ಅಂಗೈ ಸ್ಪೀಕರ್ ಕೂಡ ಮೋನೋ. ಹಾಗಾಗಿ ಹಳೆಯ ತಟ್ಟೆಗಳ ಹಾಡು ಇದರಲ್ಲಿ ಏನನ್ನೂ ಹೆಚ್ಚು ಕಳೆದುಕೊಳ್ಳುವುದಿಲ್ಲ. ನಡುವಿನ ಸಪ್ತಕದ ಕಂಠ ಎದ್ದು ನಿಲ್ಲುತ್ತದೆ, ಸಾಹಿತ್ಯ ಸ್ಪಷ್ಟ ಕೇಳುತ್ತದೆ. ವಚನ, ದಾಸರ ಪದ, ಭಾವಗೀತೆ, ಪ್ರವಚನ, ನಾಟಕ, ಸುದ್ದಿ, ಮಾತು ಮುಖ್ಯವಾದ ಎಲ್ಲಕ್ಕೂ ಇದು ಮೆಚ್ಚುವಂಥ ಸಾಧನ. ಮಾತು ಸ್ಪಷ್ಟವಾಗಲು ಬೇಕಾದ ಸ್ವರಗಳೆಲ್ಲ ಈ ಪುಟ್ಟ ಪೊರೆಗೆ ಸುಲಭವಾಗಿ ಎಟುಕುತ್ತವೆ. ಕಣ್ಣು ಮಂಜಾದ ಅಜ್ಜಿಯರು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಪುರಾಣ ಕೇಳಲು ಇದಕ್ಕಿಂತ ಹಗುರವಾದದ್ದು ಬೇರೆ ಇಲ್ಲ. ಎರಡು ಗೋಡೆ ಸೇರುವ ಮೂಲೆಗೆ, ಗಟ್ಟಿ ಹಲಗೆಯ ಮೇಲೆ ಇಟ್ಟರೆ ಖರ್ಚಿಲ್ಲದೆ ಮಂದ್ರ ಸ್ವಲ್ಪ ಏರುತ್ತದೆ. ಪಕ್ಕದ ಅದುರುವ ಪೊರೆ ಗೋಡೆಗೆ ಒತ್ತದಂತೆ ನೋಡಿಕೊಂಡರೆ ಸಾಕು.

ಬ್ಲೂಟೂತ್‌ನ ಮಿತಿಗಳು ಬೇರೆ ಜಾತಿಯವು. ಫೋನು ದನಿಯನ್ನು ಕಿರಿದು ಮಾಡಿ ಕಳಿಸುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಇದ್ದುದು ಎಲ್ಲ ಬ್ಲೂಟೂತ್ ಸ್ಪೀಕರ್‌ಗಳಿಗೂ ಕಡ್ಡಾಯವಾದ ಎಸ್‌ಬಿಸಿ ಕ್ರಮದಲ್ಲಿ ಸಾಮಾನ್ಯವಾಗಿ 328ರ ಒಳಗೆ ಬರುತ್ತದೆ. ಈ ಗಾತ್ರದ ಪೆಟ್ಟಿಗೆಯಲ್ಲಿ ಅದೇನೂ ದೊಡ್ಡ ಕೊರತೆ ಅಲ್ಲ, ಪೊರೆಯ ಮಿತಿ ಅದಕ್ಕಿಂತ ಎಷ್ಟೋ ಮೊದಲೇ ಅಡ್ಡ ಬರುತ್ತದೆ. ತೊಡಕಾಗುವುದು ತಡ. ಫೋನಿನಲ್ಲಿ ಹೊರಟ ದನಿ ಸ್ಪೀಕರ್‌ನಲ್ಲಿ ಕೇಳಲು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಕಾಲು ಸೆಕೆಂಡಿನವರೆಗೆ ಹಿಡಿಯುತ್ತದೆ. ನಿಮಿಷಕ್ಕೆ 240 ಮಾತ್ರೆಯ ದ್ರುತ ತೀನತಾಲದಲ್ಲಿ ಒಂದು ಮಾತ್ರೆಯೇ ಕಾಲು ಸೆಕೆಂಡು! ತಂಬೂರಿ ಅಥವಾ ತಬಲಾದ ಆ್ಯಪ್ ಹಚ್ಚಿ ಸ್ಪೀಕರ್ ಕೇಳುತ್ತ ಹಾಡುವವರಿಗೆ ಇದರಿಂದ ತೊಂದರೆಯಿಲ್ಲ, ಅವರ ಕಿವಿಗೆ ಬೀಳುವುದು ಸ್ಪೀಕರ್‌ನ ತಾಲ ಒಂದೇ. ಫೋನಿನ ಪರದೆಯ ಮೇಲೆ ಪೇಟಿಯ ಮನೆ ಒತ್ತಿ ನುಡಿಸುವವರಿಗೆ ಮಾತ್ರ ಬೆರಳು ಮುಂದೆ, ಸ್ವರ ಹಿಂದೆ. ದೂರದೂರಿನ ಮಕ್ಕಳಿಗೆ ವೀಡಿಯೋ ಕರೆಯಲ್ಲಿ ಪಾಠ ಹೇಳುವ ಗುರುಗಳು ಬಹಳ ಇದ್ದಾರೆ ಈ ಊರಲ್ಲಿ. ಇಂಟರ್ನೆಟ್ಟಿನ ತಡಕ್ಕೆ ಈ ತಡವೂ ಸೇರಿದರೆ ಶಿಷ್ಯ ಲಯ ತಪ್ಪುತ್ತಿದ್ದಾನೆಂದು ಸುಮ್ಮನೆ ಬೈಸಿಕೊಳ್ಳುತ್ತಾನೆ. ಪಾಠದ ಹೊತ್ತಿಗೆ ತಂತಿಯ ಇಯರ್‌ಫೋನ್ ಬಳಸುವುದು ಒಳ್ಳೆಯದು. ಹಳೆಯ ಮಾದರಿಗಳಲ್ಲಿ ತಂತಿ ಚುಚ್ಚುವ ಆಕ್ಸ್ ತೂತು ಇರುತ್ತಿತ್ತು. ಗೋ 2ರಲ್ಲಿ ಅದೂ ಇತ್ತು, ಕರೆ ಮಾತಾಡಲು ಮೈಕೂ ಇತ್ತು, ಗೋ 3ಕ್ಕೆ ಬರುವಾಗ ಎರಡೂ ಹೋದವು. ತೂತು ಕಡಿಮೆಯಾದಷ್ಟೂ ನೀರು ನುಗ್ಗುವ ದಾರಿ ಕಡಿಮೆ, ತಯಾರಿಯ ಖರ್ಚೂ ಕಡಿಮೆ.

ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್‌ನ ರೇಡಿಯೋ ಅಲೆಗಳಲ್ಲಿ. ಈ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ಬಕೆಟಿನಲ್ಲಿ ಮುಳುಗಿಸಿದ ಸ್ಪೀಕರ್ ಬದುಕುತ್ತದೆ, ಹಾಡು ನಿಲ್ಲುತ್ತದೆ. ನಮ್ಮ ಮೈಯೂ ಬಹುಪಾಲು ನೀರೇ. ಫೋನು ಹಿಂದಿನ ಜೇಬಿನಲ್ಲಿದ್ದು ಸ್ಪೀಕರ್ ಎದುರಿಗಿದ್ದರೆ ನಡುವೆ ದೇಹ ಅಡ್ಡ ಬಂದು ಹಾಡು ತುಂಡು ತುಂಡಾಗಬಹುದು. ಹಳೆಯ ಮನೆಗಳ ದಪ್ಪ ಗೋಡೆಗಳೂ ಅಷ್ಟೇ. ಹತ್ತು ಮೀಟರ್ ಎಂದು ಹೇಳುವುದು ಬಯಲಿನ ಲೆಕ್ಕ, ಪಡಸಾಲೆಯಿಂದ ಹಿತ್ತಿಲಿನ ಲೆಕ್ಕ ಅಲ್ಲ.

ಇನ್ನು ಬ್ಯಾಟರಿ. ಗೋ 3 ಒಮ್ಮೆ ತುಂಬಿದರೆ 5 ತಾಸು ಎನ್ನುತ್ತದೆ, ಅದೂ ಹದವಾದ ವಾಲ್ಯೂಮಿನಲ್ಲಿ. ಇದಕ್ಕಿಂತ ನನಗೆ ನೋವು ಕೊಡುವ ಸಂಗತಿ ಬೇರೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಖಾಲಿಯಾದ ಮೇಲೆ ಸೊರಗುವುದು ಸಹಜ. ಆದರೆ ನೀರು ಬರಬಾರದೆಂದು ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯನ್ನು ಬಿಚ್ಚಿ ಹೊಸ ಬ್ಯಾಟರಿ ಹಾಕುವುದು ಸುಲಭವಲ್ಲ, ಬಿಚ್ಚಿದ ಮೇಲೆ ಮೊದಲಿನಂತೆ ನೀರು ತಡೆಯುತ್ತದೆಂಬ ಭರವಸೆಯೂ ಇಲ್ಲ. ಹಳೆಯ ರೇಡಿಯೋ ಕೆಟ್ಟರೆ ಓಣಿಯ ರಿಪೇರಿಯವರು ವಾಲ್ವ್ ಬದಲಿಸಿ ಕೊಡುತ್ತಿದ್ದರು. ಇದು ಹಾಗಲ್ಲ. ಪೊರೆ, ಚಿಪ್ಪು ಎಲ್ಲ ಗಟ್ಟಿಯಾಗಿರುವಾಗಲೇ ಒಂದು ಬ್ಯಾಟರಿಯಿಂದಾಗಿ ಇಡೀ ಪೆಟ್ಟಿಗೆ ಕಸಕ್ಕೆ ಹೋಗುತ್ತದೆ. ತಯಾರಕರು ಬದಲಿಸಬಹುದಾದ ಬ್ಯಾಟರಿ ಕೊಡಲೇಬೇಕು, ನಾವೂ ಅದನ್ನು ಕೇಳಬೇಕು. ಅಲ್ಲಿಯವರೆಗೆ ಆಯುಷ್ಯ ಹೆಚ್ಚಿಸುವ ದಾರಿ ಇಷ್ಟೇ: ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿಡಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ. ಕೆಟ್ಟ ಮೇಲೆ ಹಸಿಕಸದ ಗಾಡಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳಬಹುದು.

ಸದ್ದಿನ ಅಳವು ಒಂದು ಕೋಣೆಗೆ, ಒಂದು ಕಟ್ಟೆಯ ಹರಟೆಗೆ ಸಾಲುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ, ಶಕ್ತಿಯನ್ನು ಎರಡರಷ್ಟು ಮಾಡಿದರೂ ಏರುವುದು 3 ಡೆಸಿಬಲ್ ಮಾತ್ರ. ಮುಂಜಿ, ಸೀಮಂತದ ಮನೆಗೆ ಇದು ಆಗದು. ಹಾಗೆಂದು ನೆರೆಯವರಿಗೆ ಕೇಳುವುದಿಲ್ಲ ಎಂದುಕೊಳ್ಳಬಾರದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಎಂದು ಗೊತ್ತು ಮಾಡಿವೆ. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ರಾತ್ರಿ ಗಚ್ಚಿಯ ಮೇಲೆ ಈ ಪೆಟ್ಟಿಗೆಯನ್ನು ಜೋರು ಮಾಡಿದರೆ ಓದುವ ಮಕ್ಕಳಿಗೂ ನಿದ್ದೆ ಬಾರದ ಹಿರಿಯರಿಗೂ ಅದು ಮುಟ್ಟುತ್ತದೆ.

ಕೊಳ್ಳಲು ಹೋದಾಗ ಅಂಗಡಿಯವರು ತಮ್ಮ ಫೋನಿನಿಂದ ಹಚ್ಚುವ ಡಿಜೆ ಹಾಡನ್ನು ನಂಬಬೇಡಿ. ಆ ಹಾಡುಗಳನ್ನು ಇಂಥ ಪೆಟ್ಟಿಗೆಯಲ್ಲಿ ಚೆನ್ನಾಗಿ ಕೇಳುವಂತೆಯೇ ಹದಗೊಳಿಸಿರುತ್ತಾರೆ. ನಿಮ್ಮ ಫೋನಿನಿಂದ ನಿಮಗೆ ಬಾಯಿಪಾಠವಾದ ಒಂದು ವಿಲಂಬಿತ ಖ್ಯಾಲ್ ಹಚ್ಚಿ. ಮೊದಲು ಮನೆಯಲ್ಲಿ ಕೇಳುವ ವಾಲ್ಯೂಮಿನಲ್ಲಿ, ಆಮೇಲೆ ಪೂರ್ತಿ ಏರಿಸಿ ಕೇಳಿ. ಡಗ್ಗಾ ಎರಡೂ ಸಲ ಡಗ್ಗಾದಂತೆಯೇ ಕೇಳಿದರೆ ಆ ಪೆಟ್ಟಿಗೆ ಕೊಳ್ಳಲು ಯೋಗ್ಯ. ಅಂಗೈ ಗಾತ್ರದಲ್ಲಿ ಅದು ಸಿಗದಿದ್ದರೆ, ಮತ್ತು ನಿಮಗೆ ಸಂಗೀತ ಮುಖ್ಯವಾಗಿದ್ದರೆ, ಇನ್ನಷ್ಟು ಹಣ ಕೂಡಿಸಿ ಅರ್ಧ ಕಿಲೋ ತೂಕದ್ದನ್ನೇ ತೆಗೆದುಕೊಳ್ಳಿ.